ಬಣ್ಣ ಹೋದ ಗೊಂಬೆ

“ಗುರುಗಳೇ, ಮಕ್ಕಳ ಮುಂದೆ ಇನ್ನು ಏನನ್ನು ತಂದಿಡಲಿ?”

ಇದನ್ನು ಕೇಳಿದವಳು ಇಂದುಮತಿ. ಅವಳು ಒಂದು ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಕಲಿಸುವ ಕೆಲಸವನ್ನು ಅವಳಿಗೆ ಕಲಿಸಿದವರು ಈ ಗುರುಗಳು. ನಿವೃತ್ತರಾದ ಮೇಲೂ ಅವರು ಭಾನುವಾರ ಬೆಳಿಗ್ಗೆ ಹಳೆಯ ಶಿಷ್ಯರಿಗಾಗಿ ಪಡಸಾಲೆಯಲ್ಲಿ ಕುಳಿತಿರುತ್ತಿದ್ದರು. ಆ ಭಾನುವಾರ ಬಂದವಳು ಅವಳೊಬ್ಬಳೇ. ಕುಳಿತಾಗಿನಿಂದ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಒಂದು ಬೀಗದಕೈಯನ್ನು ಬೆರಳಿನಲ್ಲಿ ತಿರುಗಿಸುತ್ತಲೇ ಇದ್ದಳು.

“ಈಗ ಏನೇನು ಇಟ್ಟಿದ್ದೀಯ?” ಎಂದರು ಗುರುಗಳು.

“ಚಿತ್ರದ ಕಾರ್ಡುಗಳಿವೆ. ನಾನೇ ಬರೆದು ಲ್ಯಾಮಿನೇಷನ್ ಮಾಡಿಸಿದ್ದು. ಬೆರಳಿಗೆ ಹಾಕುವ ಗೊಂಬೆಗಳಿವೆ, ನಾನೇ ಹೊಲಿದು ಬಣ್ಣ ಹಚ್ಚಿದ್ದು. ಸ್ಪೀಕರಿನಲ್ಲಿ ಹಾಡು ಹಾಕುತ್ತೇನೆ. ಟಿವಿಯಲ್ಲಿ ಕಾರ್ಟೂನ್ ತೋರಿಸುತ್ತೇನೆ. ನಾನು ಕೋತಿಯ ಗೊಂಬೆ ಎತ್ತಿದರೆ ಸಾಕು, ಇಡೀ ತರಗತಿ ಒಂದೇ ದನಿಯಲ್ಲಿ ಇಂಗ್ಲಿಷ್ ಹೇಳುತ್ತದೆ. ಪಕ್ಕದ ತರಗತಿಯ ಮೇಷ್ಟ್ರು ಬಂದು, ‘ಮೇಡಂ, ಇದು ಶಾಲೆಯೋ ಸರ್ಕಸ್ಸೋ’ ಎಂದು ಬೈದು ಹೋಗುತ್ತಾರೆ.”

“ಮತ್ತೆ ಚಿಂತೆ ಯಾವುದಕ್ಕೆ?”

“ಹೋದ ತಿಂಗಳು ತಾಯಿತಂದೆಯರನ್ನು ಕರೆಸಿದ್ದೆವು. ಒಬ್ಬ ತಾಯಿ ಎದ್ದು ತನ್ನ ಮಗಳಿಗೆ, ‘ಎಲ್ಲಿ, ಮನೆಯಲ್ಲಿ ಯಾರು ಯಾರಿದ್ದಾರೆ, ಇಂಗ್ಲಿಷಿನಲ್ಲಿ ಹೇಳು’ ಎಂದರು. ಚುರುಕಾದ ಹುಡುಗಿ ಗುರುಗಳೇ, ಅವಳಿಗೆ ಎಲ್ಲ ಬರುತ್ತದೆ. ಆದರೆ ಬಾಯಿ ಬಿಡಲಿಲ್ಲ. ಮೂಲೆಯಲ್ಲಿ ನಾನು ಗೊಂಬೆಗಳನ್ನು ಇಡುವ ಬೀರುವಿನ ಕಡೆ ನೋಡುತ್ತ ನಿಂತಳು. ಇನ್ನೊಂದು ಮಗುವನ್ನು ಕೇಳಿದರು. ಅದೂ ಬೀರುವನ್ನೇ ನೋಡಿತು. ಈ ಶನಿವಾರ ಮತ್ತೆ ಬರುತ್ತಾರೆ. ಅಂದೂ ಮಕ್ಕಳು ಹೀಗೆಯೇ ನಿಂತರೆ ಶಾಲೆ ಬಿಡಿಸುತ್ತೇವೆ ಎಂದು ಹೇಳಿಹೋಗಿದ್ದಾರೆ. ಇರುವ ಮಕ್ಕಳೇ ಕಡಿಮೆ. ಇವರೂ ಹೋದರೆ ಶಾಲೆ ಮುಚ್ಚುತ್ತದೆ. ನನಗೆ ಊಟ ಸೇರುತ್ತಿಲ್ಲ. ಏನು ತರಲಿ ಹೇಳಿ, ನಾಳೆಯೇ ತರುತ್ತೇನೆ.”

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಪ್ರತಿವರ್ಷ ಬಳೆಯ ಮಲಾರವನ್ನು ಹೆಗಲಿಗೇರಿಸಿ, ಕಣಿವೆ ದಾಟಿ, ಆಚೆಯ ಸೀಮೆಗೆ ಹೋಗುತ್ತಿದ್ದ. ಅಲ್ಲಿಯ ಭಾಷೆ ಬೇರೆ. ಅವನಿಗೆ ಆ ಭಾಷೆ ಚೆನ್ನಾಗಿ ಬರುತ್ತಿತ್ತು. ಬಾರದಿದ್ದರೆ ಅವನ ಕಸುಬು ನಡೆಯುವಂತಿರಲಿಲ್ಲ. ಏಕೆಂದರೆ ಬಳೆ ತೊಡಿಸುವುದು ಅರ್ಧ ಕೈಯ ಕೆಲಸ, ಅರ್ಧ ಬಾಯಿಯ ಕೆಲಸ. ಕೈ ಚಾಚಿದ ಹೆಣ್ಣು ನೋವಾದೀತೆಂದು ಕೈ ಬಿಗಿಯುತ್ತಾಳೆ. ಬಿಗಿದ ಕೈಗೆ ಗಾಜು ಏರುವುದಿಲ್ಲ. ಆದ್ದರಿಂದ ಬಳೆಗಾರ ತವರಿನ ಸುದ್ದಿ ಕೇಳುತ್ತಾನೆ, ಮಗುವಿನ ತುಂಟತನ ಕೇಳುತ್ತಾನೆ, ಅತ್ತೆಯನ್ನು ಒಂದಿಷ್ಟು ಹಾಸ್ಯ ಮಾಡುತ್ತಾನೆ. ಅವಳು ನಕ್ಕು ಉತ್ತರ ಹೇಳುವಷ್ಟರಲ್ಲಿ ಬಳೆ ಹೆಬ್ಬೆರಳ ಬುಡವನ್ನು ದಾಟಿರುತ್ತದೆ.

ಒಂದು ವರ್ಷ ಅವನ ಮಂಡಿಗಳು ಹಿಡಿದುಕೊಂಡವು. ಕಣಿವೆ ಹತ್ತಲು ಸಾಧ್ಯವಿಲ್ಲವೆಂದು ತಿಳಿಯಿತು. ಅದೇ ವರ್ಷ ಆಚೆಯ ಸೀಮೆಯ ದೊಡ್ಡ ಮನೆಯ ಸೊಸೆ ಬಸುರಿಯಾಗಿದ್ದಳು. ಸೀಮಂತಕ್ಕೆ ದಿನ ಗೊತ್ತಾಗಿತ್ತು. ಅಜ್ಜನ ಕಾಲದಿಂದ ಆ ಮನೆಯ ಸೀಮಂತಕ್ಕೆ ಹಸಿರು ಬಳೆ ತೊಡಿಸುತ್ತಿದ್ದವರು ಈ ಬಳೆಗಾರನ ಮನೆಯವರೇ. ಸೀಮಂತದ ಕೈಯಲ್ಲಿ ಬಳೆ ಒಡೆದರೆ ಅಪಶಕುನ. ಒಡೆದವರನ್ನು ಆ ಸೀಮೆಯಲ್ಲಿ ಮತ್ತೆ ಯಾವ ಮನೆಯವರೂ ಕರೆಯುವುದಿಲ್ಲ.

ಬಳೆಗಾರನಿಗೆ ಒಬ್ಬಳೇ ಮಗಳು. ಅವಳ ಬೆರಳು ತಂದೆಯ ಬೆರಳಿಗಿಂತ ಮೃದು. ಆದರೆ ಆಚೆಯ ಭಾಷೆಯ ಒಂದು ಮಾತೂ ಬಾರದು.

ಬಳೆಗಾರ ಒಬ್ಬ ಉಪಾಧ್ಯಾಯನನ್ನು ಕರೆತಂದ. ಉಪಾಧ್ಯಾಯ ಆಚೆಯ ಸೀಮೆಯಲ್ಲಿ ಬಹುಕಾಲ ಇದ್ದವನು. ಶ್ರದ್ಧೆಯುಳ್ಳವನು. ಬರಿಯ ಮಾತನ್ನು ಉರು ಹೊಡೆಸಿದರೆ ಮನಸ್ಸಿಗೆ ಹಿಡಿಯುವುದಿಲ್ಲವೆಂದು ಅವನು ತಿಳಿದಿದ್ದ. ಆದ್ದರಿಂದ ಮರದ ಗೊಂಬೆಗಳನ್ನು ಕೆತ್ತಿ ಬಣ್ಣ ಹಾಕಿದ. ಒಂದು ಅತ್ತೆ, ಒಂದು ಬಸುರಿ ಸೊಸೆ, ನೆರೆಮನೆಯ ಒಬ್ಬ ಬಾಯಿಬಡುಕಿ. ಜಗಲಿಯ ಮೇಲೆ ಪರದೆ ಕಟ್ಟಿ, ಗೊಂಬೆಗಳಿಂದ ಆಚೆಯ ಭಾಷೆಯನ್ನು ಆಡಿಸಿದ.

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೀದಿಯವರೆಲ್ಲ ಬಂದು ಕುಳಿತರು. ಅತ್ತೆಯ ಗೊಂಬೆ ಕೇಳಿದ್ದಕ್ಕೆಲ್ಲ ಮಗಳು ಥಟ್ಟನೆ ಉತ್ತರ ಕೊಟ್ಟಳು. ಒಂದು ದಿನ ಅವಳು ಗೊಂಬೆಗೆ ಕೈ ಚಾಚಿದಳು.

“ಮುಟ್ಟಬೇಡಮ್ಮ, ಬಣ್ಣ ಹೋಗುತ್ತದೆ” ಎಂದ ಉಪಾಧ್ಯಾಯ. ಆಟ ಮುಗಿದೊಡನೆ ಗೊಂಬೆಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಬೀಗದಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡ.

ದಿನ ಹತ್ತಿರ ಬಂತು. ಬಳೆಗಾರ ಮಂಡಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದವನು ಮಗಳನ್ನು ಕರೆದ. “ಎಲ್ಲಿ ಮಗಳೇ, ನಿನ್ನ ಅವ್ವನ ಕೈ ಹಿಡಿದು ಬಳೆ ತೊಡಿಸು. ಅವ್ವನನ್ನು ಆಚೆಯ ಭಾಷೆಯಲ್ಲಿ ಮಾತನಾಡಿಸು” ಎಂದ.

ಮಗಳು ಅವ್ವನ ಕೈ ಹಿಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿದಳು. “ಗೊಂಬೆ ಬರಲಿ ಅಪ್ಪ, ಆಮೇಲೆ ಹೇಳುತ್ತೇನೆ” ಎಂದಳು.

ಬಳೆಗಾರ ಉಪಾಧ್ಯಾಯನನ್ನು ಕರೆಸಿದ. ಉಪಾಧ್ಯಾಯ ಯೋಚಿಸಿ, “ಗೊಂಬೆ ಸಾಲದು. ಇನ್ನೂ ಮಾಡುತ್ತೇನೆ” ಎಂದ. ಮಾವನ ಗೊಂಬೆ ಮಾಡಿದ, ಸೂಲಗಿತ್ತಿಯ ಗೊಂಬೆ ಮಾಡಿದ, ಕುತ್ತಿಗೆ ಆಡಿಸುವ ಹಸುವನ್ನೂ ಮಾಡಿದ. ಮಗಳು ಇನ್ನಷ್ಟು ನಕ್ಕಳು. ಪರದೆ ಬಿಚ್ಚಿದರೆ ಮೌನ.

ಬಳೆಗಾರನ ಹೆಂಡತಿ ಒಲೆಯ ಮುಂದಿನಿಂದಲೇ ಹೇಳಿದಳು: “ಗೊಂಬೆಗಳೇ ಸೀಮಂತಕ್ಕೆ ಹೋಗಿಬರಲಿ ಬಿಡಿ. ನೀವೆಲ್ಲ ಇಲ್ಲೇ ಕೂತು ಚಪ್ಪಾಳೆ ತಟ್ಟಿ.”

ಬಳೆಗಾರ ಅನ್ನದ ತಟ್ಟೆಯನ್ನು ಸರಿಸಿ ಎದ್ದ. ಆದರೆ ಬೇರೆ ದಾರಿ ಇರಲಿಲ್ಲ. ಮಗಳು ಮಲಾರ ಹೊತ್ತಳು. ಉಪಾಧ್ಯಾಯ ಪೆಟ್ಟಿಗೆ ಹೊತ್ತ. ಇಬ್ಬರೂ ಕಣಿವೆ ದಾಟಿದರು. ದಾರಿಯುದ್ದಕ್ಕೂ ಮಗಳು ಒಂದೇ ಮಾತನ್ನು ಕೇಳುತ್ತಿದ್ದಳು: “ನೀವು ನನ್ನ ಎದುರಿಗೇ ಕೂರುತ್ತೀರಿ ತಾನೇ?”

ದೊಡ್ಡ ಮನೆಯ ಬಾಗಿಲಿನಲ್ಲಿ ಸೊಸೆಯ ಅತ್ತೆ ಅವರನ್ನು ತಡೆದಳು. ಸೀಮಂತದ ನಡುಮನೆಗೆ ಗಂಡಸರು ಹೋಗುವಂತಿಲ್ಲ. ಬಳೆಗಾರನಿಗೆ ತವರಿನ ಅಣ್ಣನ ಮರ್ಯಾದೆ, ಅವನೊಬ್ಬನೇ ಹೋಗಬಹುದು. ಉಪಾಧ್ಯಾಯನಿಗೆ ಆ ಮರ್ಯಾದೆ ಇರಲಿಲ್ಲ. ಅವನು ಪೆಟ್ಟಿಗೆಯ ಸಮೇತ ಜಗಲಿಯಲ್ಲೇ ಉಳಿದ. ಮಗಳು ಒಬ್ಬಳೇ ಒಳಗೆ ಹೋದಳು.

ಸೊಸೆ ಮಣೆಯ ಮೇಲೆ ಕುಳಿತಿದ್ದಳು. ಸುತ್ತ ಹೆಂಗಸರು. ಬಸುರಿಯ ಕೈ ಬಾತಿತ್ತು. ಮಗಳು ಆ ಕೈ ಹಿಡಿದು ಮೊದಲ ಬಳೆಯನ್ನು ಏರಿಸಿದಳು. “ನಿಮ್ಮಪ್ಪ ಹೇಗಿದ್ದಾರೆ?” ಎಂದು ಅತ್ತೆ ತನ್ನ ಭಾಷೆಯಲ್ಲಿ ಕೇಳಿದಳು. ಮಗಳಿಗೆ ಅರ್ಥವಾಯಿತು. ಗೊಂಬೆ ಇದನ್ನೇ ಎಷ್ಟೋ ಸಲ ಕೇಳಿತ್ತು. ಉತ್ತರ ಬಾಯಿಯವರೆಗೆ ಬಂತು. ಅವಳು ಪರದೆಗಾಗಿ ನೋಡಿದಳು. ಪರದೆ ಇರಲಿಲ್ಲ.

“ಮೂಗಿಯನ್ನು ಕಳಿಸಿದ್ದಾನಲ್ಲ ಪುಣ್ಯಾತ್ಮ!” ಎಂದಳು ಒಬ್ಬ ಮುದುಕಿ.

ಅದನ್ನು ಕೇಳಿ ಸೊಸೆ ಹೆದರಿದಳು. ಕೈ ಬಿಗಿದಳು. ಬಳೆ ಹೆಬ್ಬೆರಳ ಬುಡದಲ್ಲಿ ಸಿಕ್ಕಿಕೊಂಡಿತು. ಮುಂದೆ ಒತ್ತಿದರೆ ಒಡೆಯುತ್ತದೆ. ಹಿಂದೆ ಎಳೆದರೂ ಒಡೆಯುತ್ತದೆ. ಬಾತ ಕೈ ಇನ್ನೂ ಬಿಗಿಯುತ್ತ ಹೋಯಿತು. ಸೊಸೆಯ ಕಣ್ಣಿನಲ್ಲಿ ನೀರು ಬಂತು. ಮಗಳಿಗೆ ಆ ಕೈಯನ್ನು ಬಿಟ್ಟು ಏಳುವಂತಿರಲಿಲ್ಲ.

“ಪೆಟ್ಟಿಗೆ! ಹೊರಗಿದೆ, ತನ್ನಿ!” ಎಂದು ಅವಳು ಕೂಗಿದಳು. ಕೂಗಿದ್ದು ಆಚೆಯ ಭಾಷೆಯಲ್ಲಿ. ಅದನ್ನು ಅವಳೂ ಗಮನಿಸಲಿಲ್ಲ.

ಅತ್ತೆ ಜಗಲಿಗೆ ಓಡಿದಳು. ಪೆಟ್ಟಿಗೆಗೆ ಬೀಗವಿತ್ತು. “ತೆಗಿ” ಎಂದಳು. ಉಪಾಧ್ಯಾಯ ಜನಿವಾರವನ್ನು ಹಿಡಿದುಕೊಂಡು, “ತಾಯಿ, ಒಳಗೆ ಅರಿಸಿನ ಎಣ್ಣೆಯ ಕೈಗಳು. ಮುಟ್ಟಿದರೆ ಬಣ್ಣ ಹೋಗುತ್ತದೆ” ಎಂದ.

“ನನ್ನ ಸೊಸೆಯ ಕೈಯೇ ಹೋಗುತ್ತಿದೆ, ನಿನ್ನ ಬಣ್ಣ ಯಾರಿಗೆ ಬೇಕಯ್ಯಾ! ಕೊಡು ಬೀಗದಕೈ.”

ಪೆಟ್ಟಿಗೆ ನಡುಮನೆಗೆ ಬಂತು. ಮಗಳು ಒಂದು ಕೈಯಲ್ಲಿ ಸೊಸೆಯ ಕೈ ಹಿಡಿದೇ ಇನ್ನೊಂದು ಕೈಯಿಂದ ಸಿಕ್ಕಿದ ಗೊಂಬೆಯನ್ನು ಎತ್ತಿದಳು. ಗೊಂಬೆಯನ್ನು ಅವಳು ಹಿಡಿದದ್ದು ಅದೇ ಮೊದಲು. ಅದು ಅತ್ತೆಯ ಗೊಂಬೆ. ಅದನ್ನು ಸೊಸೆಯ ಮಡಿಲಲ್ಲಿ ನಿಲ್ಲಿಸಿದಳು.

“ಯಾರಿದು?” ಎಂದಳು ಸೊಸೆ, ಬಿಕ್ಕುತ್ತಲೇ.

“ನಿಮ್ಮ ಅತ್ತೆ. ಉಪವಾಸ ಮಾಡಿ ಮಾಡಿ ಇಷ್ಟೇ ಉಳಿದಿದ್ದಾರೆ” ಎಂದಳು ಮಗಳು.

ಈ ಮಾತನ್ನು ಉಪಾಧ್ಯಾಯ ಅವಳಿಗೆ ಕಲಿಸಿರಲಿಲ್ಲ. ಸೊಸೆಗೆ ನಗು ತಡೆಯಲಾಗಲಿಲ್ಲ. ಮುದುಕಿ ನಕ್ಕಳು. ಅತ್ತೆ, “ಎಲಾ ಇವಳ!” ಎಂದು ಗೊಂಬೆಯನ್ನು ಕಸಿದುಕೊಂಡು ತಿರುಗಿಸಿ ನೋಡಿದಳು. ಗೊಂಬೆ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಒಂದೊಂದು ಕೇಳಿದರು. ಮಗಳು ಒಬ್ಬೊಬ್ಬರಿಗೂ ಹೇಳಿದಳು, ತಪ್ಪುತ್ತ, ತಿದ್ದಿಸಿಕೊಳ್ಳುತ್ತ. ಬಳೆ ಯಾವಾಗ ಏರಿತೆಂದು ಸೊಸೆಗೆ ತಿಳಿಯಲಿಲ್ಲ. ಎರಡು ಕೈಗಳೂ ತುಂಬಿದವು. ಒಂದೂ ಒಡೆಯಲಿಲ್ಲ.

ಸಂಜೆ ಮಗಳು ಪೆಟ್ಟಿಗೆಯನ್ನು ಹೊರಗೆ ತಂದಳು. ಉಪಾಧ್ಯಾಯ ಮುಚ್ಚಳ ಎತ್ತಿದ. ಅತ್ತೆಯ ಗೊಂಬೆಗೆ ಕಣ್ಣೂ ಇರಲಿಲ್ಲ, ಬಾಯಿಯೂ ಇರಲಿಲ್ಲ. ಬರಿಯ ಮರ ಉಳಿದಿತ್ತು. ಅವನು ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಬೀಗವನ್ನು ಮನೆಯ ಮುಂದಿನ ಹಳ್ಳಕ್ಕೆ ಎಸೆದು, ಪೆಟ್ಟಿಗೆಯನ್ನು ಮಗಳ ತಲೆಯ ಮೇಲೆ ಇಟ್ಟ.

ಕತೆ ಮುಗಿಯಿತು. ಇಂದುಮತಿಯ ಮುಖ ಅರಳಿತು.

“ತಿಳಿಯಿತು ಗುರುಗಳೇ! ಗೊಂಬೆಗೆ ಹೋಗದಂಥ ಬಣ್ಣ ಹಾಕಬೇಕು. ಈಗ ಪೇಟೆಯಲ್ಲಿ ಅಂಥ ಬಣ್ಣ ಸಿಗುತ್ತದೆ, ನೀರು ಬಿದ್ದರೂ ಏನೂ ಆಗುವುದಿಲ್ಲ. ನಾಳೆಯೇ ಹೋಗಿ ತರುತ್ತೇನೆ. ಶನಿವಾರದೊಳಗೆ ಎಲ್ಲ ಗೊಂಬೆಗಳಿಗೂ...”

ಅವಳ ಬೆರಳು ಸೊಂಟದ ಬೀಗದಕೈಯನ್ನು ಮತ್ತೆ ತಿರುಗಿಸತೊಡಗಿತ್ತು. ಗುರುಗಳು ಅದನ್ನೇ ನೋಡುತ್ತ ಕೇಳಿದರು:

“ಅದು ಯಾವ ಬೀರುವಿನದು, ಇಂದುಮತಿ?”