ಸೀಟಿನ ಕೆಳಗಿನ ಹೂವು

ಶಿಷ್ಯ ಗುರುಶಾಂತ ಕೇಳಿದ: "ಗುರುಗಳೇ, ಬೆಳಗ್ಗೆ ಧ್ಯಾನಕ್ಕೆ ಕುಳಿತಾಗ ನನ್ನ ಮನಸ್ಸು ಚೆನ್ನಾಗಿಯೇ ಇರುತ್ತದೆ. ಹೊತ್ತೇರಿ ಜನರ ನಡುವೆ ಕೆಲಸಕ್ಕೆ ನಿಂತರೆ ಅದೇ ಮನಸ್ಸು ಸೋತುಹೋಗುತ್ತದೆ. ಉಪವಾಸ, ಮೌನ, ಜಪ ಎಲ್ಲವೂ ನಡೆದಿದೆ. ಇನ್ನೊಂದು ವ್ರತ ಹಿಡಿಯಲೇ? ಇಲ್ಲ, ಇದು ನನ್ನಿಂದಾಗದು ಎಂದು ಮಠ ಬಿಟ್ಟು ಹೋಗಲೇ?"

ಅವನು ಸುಮ್ಮನೆ ಕೇಳಿದ್ದಲ್ಲ. ಹಿಂದಿನ ದಿನ ಮನಸ್ಸಿನಲ್ಲೇ ಜಪ ಎಣಿಸುತ್ತ ಪಂಕ್ತಿಗೆ ಬಡಿಸುತ್ತಿದ್ದ. ಒಬ್ಬ ಮುದುಕ ಏನೋ ಕೇಳಿದ. ಎಣಿಕೆ ತಪ್ಪಿತು. ಗುರುಶಾಂತ ರೇಗಿಬಿಟ್ಟ. ಮುದುಕ ಅರ್ಧ ಊಟಕ್ಕೇ ಎದ್ದು ಹೋದದ್ದನ್ನು ಗುರುಗಳೂ ಕಂಡಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಆಟದ ಮೈದಾನದಲ್ಲಿ ಒಬ್ಬ ತೋಟಗಾರನಿದ್ದ. ಮೇಲೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವನ್ನು ಅವನಿಗೆ ಕೊಟ್ಟಿದ್ದರು. ಅದಕ್ಕೆ ಕ್ಲಚ್ಚಿಲ್ಲ, ಗೇರು ಬದಲಿಸುವ ಗೋಜಿಲ್ಲ. ಪೆಡಲ್ ಒತ್ತಿದರೆ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿರುವ ಎಣ್ಣೆಯೇ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಎಣ್ಣೆ ಅತಿಯಾಗಿ ಕಾದರೆ ತೆಳುವಾಗಿ ಬಲ ಕುಂದುತ್ತದೆ. ಅದನ್ನು ತಣ್ಣಗಿಡಲು ಪೆಟ್ಟಿಗೆಯ ಮೇಲೆ ಒಂದು ಪುಟ್ಟ ಫ್ಯಾನು ಇರುತ್ತದೆ.

ತೋಟಗಾರನಿಗೆ ಆ ಯಂತ್ರವೆಂದರೆ ಪ್ರಾಣ. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಇಟ್ಟು, ಸೀಟಿನ ಸುತ್ತ ಚೆಂಡುಹೂವಿನ ಹಾರ ಕಟ್ಟಿದ. ಆಮೇಲೆ ಪ್ರತಿ ಶುಕ್ರವಾರವೂ ಹೊಸ ಹಾರ ಕಟ್ಟತೊಡಗಿದ. ದೇವರ ಹೂವನ್ನು ಕಿತ್ತು ಎಸೆಯಬಾರದೆಂದು ಹಳೆಯದನ್ನು ತೆಗೆಯುತ್ತಿರಲಿಲ್ಲ.

ಬರಬರುತ್ತ ಯಂತ್ರ ವಿಚಿತ್ರವಾಗಿ ಆಡತೊಡಗಿತು. ಬೆಳಗ್ಗೆ ಮೈದಾನದ ಅಂಚಿನ ಏರನ್ನು ಸಲೀಸಾಗಿ ಹತ್ತುತ್ತಿತ್ತು. ಬಿಸಿಲೇರಿದ ಮೇಲೆ ಅದೇ ಏರಿನಲ್ಲಿ ಮುಂದಕ್ಕೆ ಹೋಗಲು ಒಲ್ಲೆನೆನ್ನುತ್ತಿತ್ತು. ಯಾರದೋ ದೃಷ್ಟಿ ತಗುಲಿದೆ ಎಂದುಕೊಂಡು ಅವನು ಹಾರವನ್ನು ಇನ್ನಷ್ಟು ದಪ್ಪ ಮಾಡಿದ.

ಭಾನುವಾರ ಪಂದ್ಯವಿತ್ತು. ಅಷ್ಟರೊಳಗೆ ಹುಲ್ಲು ಕತ್ತರಿಸದಿದ್ದರೆ ಕೆಲಸ ಬೇರೆಯವನಿಗೆ ಎಂದು ಮೈದಾನದವರು ಹೇಳಿಬಿಟ್ಟರು. ತೋಟಗಾರ ಹೆದರಿ ಮೆಕ್ಯಾನಿಕ್ಕನನ್ನು ಕರೆಸಿದ.

"ಅಣ್ಣಾ, ಸೀಟು ಎತ್ತಿ ನೋಡ್ಬೇಕು. ಈ ಹಾರ ಎಲ್ಲ ಬಿಚ್ಚಿ" ಎಂದ ಮೆಕ್ಯಾನಿಕ್.

"ದೇವರಿಗೆ ಕಟ್ಟಿದ್ದಕ್ಕೆ ಕೈ ಹಾಕ್ತೀಯೇನೋ! ಹಾಗೇ ಸರಿ ಮಾಡೋಕೆ ಬಂದರೆ ಮಾಡು, ಇಲ್ಲದಿದ್ದರೆ ನಡಿ" ಎಂದು ತೋಟಗಾರ ರೇಗಿದ.

ಹಾಗೇ ಸರಿ ಮಾಡುವ ವಿದ್ಯೆ ಆ ಬಡಪಾಯಿಗೆ ಬರುತ್ತಿರಲಿಲ್ಲ. ಚೀಲ ಹೆಗಲಿಗೇರಿಸಿ ಹೊರಟುಹೋದ.

ಶನಿವಾರ ಯಂತ್ರ ಏರಿನ ನಡುವೆ ನಿಂತು ಹಿಂದಕ್ಕೆ ಜಾರತೊಡಗಿತು. ತೋಟಗಾರ ಬ್ರೇಕ್ ಹಾಕಿ, ಎಂಜಿನ್ ಆರಿಸಿ ಇಳಿದ. ಸುಟ್ಟ ವಾಸನೆ ಬರುತ್ತಿತ್ತು. ಬೇರೆ ದಾರಿ ಕಾಣದೆ ತಾನೇ ಹಾರ ಬಿಚ್ಚಿ ಸೀಟು ಎತ್ತಿದ.

ಹಳೆಯ ಹಾರಗಳ ನೂಲು ಕೆಳಗೆ ಜಾರಿ ಫ್ಯಾನಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ನೂಲಿಗೆ ಹುಲ್ಲು ಸಿಕ್ಕಿ, ಪೆಟ್ಟಿಗೆಗೆ ಕಂಬಳಿ ಹೊದಿಸಿದಂತಾಗಿತ್ತು. ಬಿಡಿಸುತ್ತ ಹೋದರೆ ಸಿಕ್ಕಿದ್ದೆಲ್ಲ ತಾನೇ ಹಾಕಿದ ಗಂಟು. ಅವನಿಗೆ ಅಳು ಬಂತು.

ಮೆಕ್ಯಾನಿಕ್ಕನ ಮನೆಗೆ ತಾನೇ ಹೋಗಿ ಕರೆತಂದ. ಇಬ್ಬರೂ ಸೇರಿ ಕರಿದಾದ ಎಣ್ಣೆ ಬಸಿದು ಹೊಸದು ತುಂಬಿದರು. ಒಳಗೆ ಸೇರಿದ್ದ ಗಾಳಿ ಹೋಗುವವರೆಗೆ ಯಂತ್ರವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿದರು. ಸುಡುವ ಬಿಸಿಲಿನಲ್ಲೇ ಅದು ಏರು ಹತ್ತಿತು.

ಅಂದಿನಿಂದ ತೋಟಗಾರ ಯಂತ್ರಕ್ಕೆ ಒಂದೇ ಹೂವಿಟ್ಟು ಕೈಮುಗಿಯುತ್ತಿದ್ದ. ಎಂಜಿನ್ ಶುರು ಮಾಡುವ ಮೊದಲು ಅದನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ.

ಕತೆ ಮುಗಿಯಿತು. ಗುರುಶಾಂತ ಕೇಳಿದ: "ಹಾಗಾದರೆ ನನ್ನ ಫ್ಯಾನಿಗೆ ಸುತ್ತಿಕೊಂಡಿರುವುದು ಯಾವುದು, ಗುರುಗಳೇ?"

ಗುರುಗಳು ಕೇಳಿದರು: "ನಿನ್ನೆ ಆ ಮುದುಕ ನಿನ್ನನ್ನು ಕೇಳಿದ್ದೇನು?"

ಗುರುಶಾಂತನಿಗೆ ಗೊತ್ತಿರಲಿಲ್ಲ.