ಒಬ್ಬರ ಪಥ್ಯ

ಹೊಳೆದಂಡೆಯ ಆಶ್ರಮದಲ್ಲಿ ಗಿರಿಯವ್ವ ಗುರು, ಪಂಪಾಪತಿ ಶಿಷ್ಯ. ಮೇಲಿನ ಅಣೆಕಟ್ಟೆಯಿಂದ ನೀರು ಬಿಡುವ ಮುಂಚೆ ಸೈರನ್ ಕೂಗಿಸುವುದು ಅವರ ಕಂಪ್ಯೂಟರಿನ ಕೆಲಸ.

ಅದರಲ್ಲಿ ಪ್ರತಿ ಪ್ಯಾಕೇಜನ್ನೂ, ಅಂದರೆ ಒಂದೊಂದು ಕೆಲಸದ ತಂತ್ರಾಂಶವನ್ನೂ, ತಾವೇ ಕಟ್ಟಿಕೊಳ್ಳಬೇಕು. ಯಾವುದಕ್ಕೆ ಏನು ಬೇಕು, ಏನು ಬೇಡ ಎಂದು ಮೊದಲೇ ಬರೆದಿಡಬೇಕು.

ಐದು ಗಂಟೆಗೆ ನೀರು ಬಿಡುತ್ತೇವೆಂದು ಫೋನ್ ಬಂತು. ನಾಲ್ಕಕ್ಕೆ ಪಂಪಾಪತಿ ಸೈರನ್ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಉಹೂಂ!

ಹೊಳೆಯ ನಡುಬಂಡೆಗಳ ಮೇಲೆ ಹನ್ನೆರಡು ಮಂದಿ ಬಟ್ಟೆ ಒಗೆಯುತ್ತಿದ್ದರು. ಅಣೆಕಟ್ಟೆಗೆ ಫೋನ್ ಮಾಡಿದರೆ ಎತ್ತುವವರಿಲ್ಲ.

"ಏನು ಮಾಡಿದೆಯೋ?" ಎಂದರು ಗಿರಿಯವ್ವ.

"ನೀರಿನ ಮಟ್ಟ ಬರೆದಿಡೋ ಪ್ಯಾಕೇಜು ಶಬ್ದದ ಭಾಗದಲ್ಲೇ ತೊಡರುತ್ತಿತ್ತವ್ವಾ. ನಿನ್ನೆ 'ಶಬ್ದ ಬೇಡ' ಅಂತ ಬರೆದು ಎಲ್ಲ ಹೊಸದಾಗಿ ಕಟ್ಟಿದೆ."

"ಎಲ್ಲಿ ಬರೆದೆ? ಅದರ ಹೆಸರಿನ ಮುಂದೋ, ಎಲ್ಲಕ್ಕೂ ಸೇರಿದ ಕಡತದಲ್ಲೋ?"

ಪಂಪಾಪತಿ ನಾಲಿಗೆ ಕಚ್ಚಿಕೊಂಡ. "ಎಲ್ಲಕ್ಕೂ... ಒಂದೇ ಸಾಲಲ್ಲಿ ಮುಗಿಯುತ್ತಲ್ಲ ಅಂತ."

"ಭಲೆ! ಒಬ್ಬರಿಗೆ ಪಥ್ಯ ಅಂತ ಪಂಕ್ತಿಗೆಲ್ಲ ಉಪ್ಪು ನಿಲ್ಲಿಸಿದೆ."

"ಈಗಲೇ ಎಲ್ಲವನ್ನೂ ಮತ್ತೆ ಕಟ್ಟುತ್ತೇನೆ!"

"ಎಷ್ಟು ಹೊತ್ತು?"

"ನಾಳೆ ಬೆಳಗಾಗುತ್ತೆ."

"ಈಗ ಕೂಗಬೇಕಾದ್ದು ಎಷ್ಟು?"

"ಒಂದು," ಎಂದವನಿಗೆ ಆಗ ಹೊಳೆಯಿತು. "ಅದೊಂದಕ್ಕೆ ನಲವತ್ತು ನಿಮಿಷ."

ಗಿರಿಯವ್ವ ಗೋಡೆಯ ಜಾಗಟೆ ಇಳಿಸಿಕೊಂಡು, ಎಪ್ಪತ್ತರ ಮೊಣಕಾಲು ಎಳೆದುಕೊಂಡು ಹೊಳೆಗೆ ನಡೆದರು.

ಪಂಪಾಪತಿ ಆ ಸಾಲು ಅಳಿಸಿದ. ಮಟ್ಟದ ಪ್ಯಾಕೇಜಿನ ಮುಂದೆ 'ಶಬ್ದ ಬೇಡ' ಎಂದೂ, ಸೈರನ್ನಿನ ಮುಂದೆ 'ಶಬ್ದ ಬೇಕು' ಎಂದೂ ಬರೆದು, ಸೈರನ್ನನ್ನಷ್ಟೇ ಕಟ್ಟಲು ಬಿಟ್ಟ. ಪರದೆಯ ಮೇಲೆ ಸಾಲುಗಳು ತೆವಳಿದವು.

ಕಿಟಕಿಯಲ್ಲಿ ಜಾಗಟೆ ಕೇಳುತ್ತಿತ್ತು. ದಂಡೆಯ ಹತ್ತಿರದವರು ಬಟ್ಟೆ ಗಂಟು ಕಟ್ಟಿ ಮೇಲೆ ಬಂದರು. ದೂರದ ಬಂಡೆಯ ಮೂವರಿಗೆ ನೀರಿನ ಮೊರೆತದಲ್ಲಿ ಏನೂ ಕೇಳಿಸಲಿಲ್ಲ. ಗಿರಿಯವ್ವ ಸೆರಗು ಬಿಗಿದು ಆ ಕಡೆಗೇ ನೀರಿಗಿಳಿದರು.

"ಅಯ್ಯೋ ಅವ್ವಾ, ಬೇಡ! ವಾಪಸ್ ಬಾ!"

ಐದಕ್ಕೆ ಹತ್ತು ನಿಮಿಷ ಇರುವಾಗ ಸೈರನ್ ಕೂಗಿತು. ಪಂಪಾಪತಿ ಗಳಗಳನೆ ಅತ್ತುಬಿಟ್ಟ.

ಮೂವರೂ ಎದ್ದು ಓಡಿಬಂದರು. ಹಿಂದೆ ಗಿರಿಯವ್ವ. ಅವರು ದಂಡೆಯ ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಬಂಡೆಗಳು ಮುಳುಗಿದ್ದವು.

ಸಂಜೆಯ ಪಂಕ್ತಿಯಲ್ಲಿ ಗಿರಿಯವ್ವನೇ ಬಡಿಸಿದರು. ಪಂಪಾಪತಿ ಒಂದು ತುತ್ತು ಬಾಯಿಗಿಟ್ಟು ಅಕ್ಕಪಕ್ಕ ನೋಡಿದ. ಉಳಿದವರು ಸುರ್ರೆಂದು ಸವಿಯುತ್ತಿದ್ದರು.

"ಅವ್ವಾ, ಸಾರಿಗೆ ಉಪ್ಪೇ ಇಲ್ಲ."

"ಎಲ್ಲರ ಸಾರಿಗೂ ಇದೆಯಪ್ಪ. 'ಬೇಡ' ಅಂತ ಬರೆದದ್ದು ನಿನ್ನ ಹೆಸರಿನ ಮುಂದೆ ಮಾತ್ರ."