ಮೂರು ಹೊತ್ತಿನ ಹಾಜರಿ

ನದಿಯ ಈ ದಂಡೆಗೆ ಆಶ್ರಮ, ಆ ದಂಡೆಗೆ ಸೆಟ್ಲ್‌ಮೆಂಟು.

ಆಶ್ರಮದಲ್ಲಿ ಒಂದು ಸಾಲಿ ಇತ್ತು, ನಾಲ್ಕನೇ ಇಯತ್ತೆಯವರೆಗೆ. ಕಲಿಸುವವರು ಇಬ್ಬರೇ. ಅಜ್ಜಾರು ಮತ್ತು ನಾನು.

ಅಜ್ಜಾರು ಅಂದರೆ ಆಶ್ರಮದ ಗುರುಗಳು. ಎಪ್ಪತ್ತು ದಾಟಿದವರು, ಮಾತು ಕಡಿಮೆ. ನಾನು ಅವರ ಶಿಷ್ಯ ಕಲ್ಮೇಶಿ, ಮಾತು ಬೇಕಾದಷ್ಟು.

ಸುಳ್ಳು ಯಾಕೆ ಹೇಳಲಿ, ನನ್ನಂಥ ಮಾಸ್ತರ ಆ ಸೀಮೆಯಲ್ಲೇ ಇರಲಿಲ್ಲ. ಹಳ್ಳಿಯಲ್ಲಿ ಹುಟ್ಟಿ ಗರಡಿಯ ಮಣ್ಣಿನಲ್ಲಿ ಬೆಳೆದವನು. ಮಾಸ್ತರಿಕೆಯ ಪರೀಕ್ಷೆಯಲ್ಲಿ ಮೊದಲನೇ ನಂಬರು. ನಾನು ಪಾಠಕ್ಕೆ ನಿಂತರೆ ಮಕ್ಕಳು ಊಟದ ಗಂಟೆ ಮರೆಯುತ್ತಿದ್ದರು.

ಆ ವರ್ಷ ನಾಲ್ಕನೇ ಇಯತ್ತೆಗೆ ಬ್ರಿಟಿಷರ ಕಾಲದ ಪಾಠ ಬಂತು.

"ಅಜ್ಜಾರ, ಈ ಪಾಠ ನನಗ ಬಿಡ್ರಿ" ಅಂದೆ. "ಸೆಟ್ಲ್‌ಮೆಂಟು ಅಂದ್ರೇನು, ಕೈದಿಗಳ ಬಾಳೇವು ಅಂದ್ರೇನು, ಒಂದ ದಿನದಾಗ ತೋರಸ್ತೀನಿ. ಸಾಯೋತನಕ ಮರೀಬಾರದು, ಹಂಗ."

"ಯಾರು ಮರೀಬಾರದು?"

"ಮಕ್ಕಳ್ರಿ."

ಅಜ್ಜಾರು "ನೋಡು" ಅಂದರು. ಅಷ್ಟೇ.

ಬ್ರಿಟಿಷರು ಒಂದು ಕಾಯ್ದೆ ಮಾಡಿದ್ದರು. ಕೆಲವು ಜಾತಿಗಳವರು ಹುಟ್ಟಿನಿಂದಲೇ ಅಪರಾಧಿಗಳು ಅಂತ. ಅಂಥವರನ್ನು ಹೆಂಡಿರು ಮಕ್ಕಳ ಸಮೇತ ತಂದು ತಂತಿಬೇಲಿಯೊಳಗೆ ಇಟ್ಟರು. ಹೊರಗೆ ಹೋಗಲು ಪಾಸು, ದಿನಕ್ಕೆ ಮೂರು ಹೊತ್ತು ಹಾಜರಿ. ಆ ಜಾಗಕ್ಕೆ ಸೆಟ್ಲ್‌ಮೆಂಟು ಅಂತ ಹೆಸರು. ಸ್ವಾತಂತ್ರ್ಯ ಬಂದ ಮೇಲೆ ತಂತಿ ಕಿತ್ತರು. ಮಂದಿ ಅಲ್ಲೇ ಉಳಿದರು, ಹೆಸರೂ ಉಳಿಯಿತು.

ಇದೆಲ್ಲ ನನಗೆ ಬಾಯಿಪಾಠ.

ಅಂಗಳದಲ್ಲಿ ಸುಣ್ಣದ ಗೆರೆ ಎಳೆದೆ. ಗೆರೆಯ ಒಳಗೆ ಮಕ್ಕಳನ್ನು ಕುಕ್ಕರಗಾಲಿನಲ್ಲಿ ಸಾಲಾಗಿ ಕೂಡಿಸಿದೆ. ಎಲ್ಲರಿಗೂ ಒಂದೊಂದು ನಂಬರು ಕೊಟ್ಟೆ. ತಲೆಗೆ ಹ್ಯಾಟು, ಕೈಯಲ್ಲಿ ಬೆತ್ತ. ನಾನೇ ಸಾಹೇಬ.

"ಏಳು!"

"ಹಾಜರ್!"

"ಎಂಟು!"

"ಹಾಜರ್!"

ನಗು, ಕೂಗು. ಪಾಠ ಅಂದರೆ ಹೀಗಿರಬೇಕು ಅಂದುಕೊಂಡೆ.

ಒಂಬತ್ತನೇ ನಂಬರಿನವಳು ಹಾಜರ್ ಅನ್ನಲಿಲ್ಲ. ಕಸ್ತೂರಿ. ದಿನಾ ಹರಗೋಲಿನಲ್ಲಿ ನದಿ ದಾಟಿ ಬರುವ ಹುಡುಗಿ. ಸೆಟ್ಲ್‌ಮೆಂಟಿನಿಂದ ನಾಲ್ಕನೇ ಇಯತ್ತೆಯ ತನಕ ಬಂದವಳು ಅವಳೊಬ್ಬಳೇ.

"ಸರ, ಅವರು ಏನು ತಪ್ಪು ಮಾಡಿದ್ರು?"

ನಾನು ಸಾಹೇಬನ ಗತ್ತಿನಲ್ಲಿದ್ದೆ. ನಮ್ಮೂರಲ್ಲಿ ಕೋಳಿ ಕಳೆದರೂ, ಕೊಡ ಕಳೆದರೂ ಮಂದಿ ಯಾರ ಕಡೆ ಬೆರಳು ಮಾಡುತ್ತಿದ್ದರೋ, ಅದೇ ನನ್ನ ಬಾಯಿಗೆ ಬಂತು.

"ಕಳ್ಳರು! ಕಳ್ಳರನ್ನ ಬಿಟ್ಟು ಮತ್ತ ಯಾರನ್ನ ತಂತಿಯೊಳಗ ಹಾಕ್ತಾರ?"

ಪರಸ್ಯಾ ಅಂತ ಒಬ್ಬ ಹುಡುಗ, ಮುಂದಿನ ಸಾಲಿನಿಂದ ತಿರುಗಿದ.

"ಏ ಕಸ್ತೂರೀ, ನಿಮ್ಮವರ ಸುದ್ದಿ ಹೇಳಾಕತ್ತಾರ ಕೇಳು!"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಸ್ತೂರಿ ಎದ್ದಳು. ಸುಣ್ಣದ ಗೆರೆಯನ್ನು ತುಳಿಯದೆ, ದಾಟಿ ಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಅಜ್ಜಾರು ಹೇಳಿದರು: "ಆಕಿ ಸಾಲಿ ಬಿಟ್ಟಳಂದ್ರ ಆ ದಂಡೆಯಿಂದ ಇನ್ನ ಒಂದು ಕೂಸೂ ಬರೂದಿಲ್ಲ."

"ಅಷ್ಟ ಹೌದಲ್ರಿ? ನಾಳೆ ಕರಕೊಂಡ ಬರ್ತೀನಿ. ಎಂಥೆಂಥಾ ಪೈಲವಾನರನ್ನ ಎತ್ತಿ ಒಗದೀನಿ, ಒಂದು ಹುಡುಗಿನ್ನ ಕರಕೊಂಡ ಬರೂದು ಯಾವ ದೊಡ್ಡ ಮಾತು?"

"ಹೋಗಿ ಬಾ."

ಕಸ್ತೂರಿಯ ಮನೆಯಲ್ಲಿ ಅವಳ ಮುತ್ತಜ್ಜಿ ಇದ್ದಳು. ಸಕ್ಕೂಬಾಯಿ. ಎಂಬತ್ತು ದಾಟಿ ಎಷ್ಟಾಗಿತ್ತೋ. ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಆಯಿ, ನಾನು ಸಾಲಿ ಮಾಸ್ತರ. ಕಸ್ತೂರಿನ್ನ ಕಳಸ್ರಿ."

"ಕಸ್ತೂರಿ ಮನ್ಯಾಗಿಲ್ಲ."

ಕದದ ಹಿಂದೆ ಎರಡು ಸಣ್ಣ ಪಾದ ಕಾಣುತ್ತಿದ್ದವು.

ನಾನು ನಿಂತಲ್ಲೇ ಭಾಷಣ ಸುರು ಮಾಡಿದೆ. ವಿದ್ಯೆ ಅಂದರೇನು, ಹೆಣ್ಣುಮಕ್ಕಳು ಯಾಕೆ ಕಲಿಯಬೇಕು, ಸರಕಾರ ಏನೇನು ಕೊಡುತ್ತದೆ. ಒಳ್ಳೆಯ ಭಾಷಣ. ನನ್ನ ಭಾಷಣ ಕೆಟ್ಟದ್ದು ಇರುವುದಿಲ್ಲ.

ಮುದುಕಿ ತಲೆ ಎತ್ತಲಿಲ್ಲ.

"ಮಾಸ್ತರ, ನಿನ್ನ ನೆರಳು ಜ್ವಾಳದ ಮ್ಯಾಲ ಬಿದ್ದೈತಿ. ಕಲ್ಲು ಹಳ್ಳು ಕಾಣವಲ್ಲವು. ಅತ್ತ ಸರಿ."

ನಾನು ವಾಪಸು ಬಂದೆ.

"ಏನಂದ್ಲು?" ಅಜ್ಜಾರು ಕೇಳಿದರು.

"ನೆರಳು ಬಿದ್ದೈತಿ, ಅತ್ತ ಸರಿ ಅಂದ್ಲು. ಮೊಂಡು ಮುದುಕಿ ಐತ್ರಿ."

ಅಜ್ಜಾರು ಆ ದಂಡೆಯ ಕಡೆ ಕೈ ಮಾಡಿದರು.

"ನಾಳಿಂದ ದಿನಾ ಮೂರು ಹೊತ್ತು ಆಕಿ ಅಂಗಳಕ್ಕ ಹೋಗು. ಕುಕ್ಕರಗಾಲಿನಾಗ ಕೂಡು. 'ಹಾಜರ್' ಅನ್ನು. ಮತ್ತೊಂದು ಮಾತು ಆಡಬ್ಯಾಡ. ಆಕಿ 'ಹೋಗು' ಅಂದ ಮ್ಯಾಲ ಏಳು."

"ನಾನಾ?"

"ಹೂಂ."

"ಗರಡಿ ಮನಿತನದಾಂವ ನಾನು, ಆ ಓಣ್ಯಾಗ ಹೋಗಿ ಕುಕ್ಕರಿಸಲ್ಯಾ? ಅಂಥಾದ್ದು ಏನು ತಪ್ಪು ಮಾಡೀನ್ರಿ?"

"ಕಸ್ತೂರಿನೂ ಇದನ್ನ ಕೇಳಿದ್ಲು."

ಮೆತ್ತಗೆ ಕೇಳಿದೆ: "ಎಷ್ಟು ದಿನ್ರಿ?"

"ಅದನ್ನ ಅವರಿಗೂ ಯಾರೂ ಹೇಳಿರಲಿಲ್ಲ."

ಗುರುವಿನ ಮಾತು. ಹೋದೆ.

ಹೊತ್ತು ಮೂಡುವಾಗ ಅಂಗಳದಲ್ಲಿ ಕೂತೆ. "ಹಾಜರ್" ಅಂದೆ.

ಸಕ್ಕೂಬಾಯಿಯ ಕೈಯಲ್ಲಿದ್ದ ತಂಬಿಗೆ ನೆಲಕ್ಕೆ ಬಿತ್ತು.

ಅವಳು ಗೋಡೆ ಹಿಡಿದು ನಿಂತಳು. ನನ್ನನ್ನು ನೋಡಿದಳು. ಆಮೇಲೆ ಕೇಳಿದಳು: "ಯಾರು ಕಳಿಸಿದ್ರು?"

"ಅಜ್ಜಾರು."

ಒಳಗೆ ಹೋಗಿ ಕದ ಹಾಕಿಕೊಂಡಳು.

ಸಾವಿರ ಬೈಠಕು ಹೊಡೆದ ಕಾಲು ನನ್ನವು. ಬೈಠಕಿನಲ್ಲಿ ಏಳುವುದೂ ಇರುತ್ತದೆ. ಇಲ್ಲಿ ಏಳುವ ಹಾಗಿಲ್ಲ. ಅರ್ಧ ತಾಸಿಗೆ ಮೊಣಕಾಲು ನಡುಗಿದವು. ಒಂದು ತಾಸಿಗೆ ಪಾದ ಇದ್ದದ್ದೇ ಗೊತ್ತಾಗಲಿಲ್ಲ.

ಕದ ಸ್ವಲ್ಪ ತೆರೆಯಿತು. "ಹೋಗು."

ಮಧ್ಯಾಹ್ನ ಬಂದೆ. ಸಂಜೆ ಬಂದೆ. ಓಣಿಯ ಮಂದಿ ಕಟ್ಟೆಗೆ ಬಂದು ಕೂತರು.

"ಏ ಮಾಸ್ತರ, ನಿನ್ನ ನಂಬರು ಎಷ್ಟೋ?"

"ಹ್ಯಾಟು ಎಲ್ಲಿ ಬಿಟ್ಟು ಬಂದಿ?"

"ಪಾಸು ತಂದೀಯೇನು? ಇಲ್ಲಂದ್ರ ನದಿ ದಾಟಿ ಹೆಂಗ ಬಂದಿ?"

ಕುಸ್ತಿಯಲ್ಲಿ ಬಿದ್ದಾಗಲೂ ನಾನು ತಲೆ ಬಗ್ಗಿಸಿದವನಲ್ಲ. ಇಲ್ಲಿ ಕೂತ ಭಂಗಿಯೇ ತಲೆ ಬಗ್ಗಿಸುತ್ತಿತ್ತು.

ಎರಡನೇ ದಿನವೂ ಅಷ್ಟೇ. ಹಾಜರ್. ಹೋಗು. ಹಾಜರ್. ಹೋಗು.

ಮೂರನೇ ದಿನ ಮಧ್ಯಾಹ್ನ ತಡವಾಯಿತು. ನಾನು ಬರುವಾಗ ಸಕ್ಕೂಬಾಯಿ ಬಾಗಿಲಲ್ಲಿ ನಿಂತಿದ್ದಳು.

"ಹಾಜರ್."

"ತಡಾ ಆತು."

"ಹರಗೋಲು ಈ ದಂಡ್ಯಾಗ ಇತ್ರಿ. ಅಂಬಿಗ ಊಟಕ್ಕ ಹೋಗಿದ್ದ."

"ನಮ್ಮವ್ವನೂ ಕಾರಣ ಹೇಳಿದ್ಲು."

ಮುದುಕಿ ಹೊಸ್ತಿಲ ಮೇಲೆ ಕೂತಳು. ಏಳು ಅನ್ನಲಿಲ್ಲ. ನಾನೂ ಏಳಲಿಲ್ಲ.

"ನನಗ ಎಂಟು ವರ್ಷ. ನನ್ನ ತಮ್ಮ ಆಗ ಮೂರು ತಿಂಗಳ ಕೂಸು. ಜ್ವರ ಬಂದು ತೀರಿಕೊಂಡಿತು. ಮಣ್ಣು ಮಾಡಾಕ ತಂತಿ ದಾಟಬೇಕು. ಪಾಸು ಬರಿಯೋ ಸಾಹೇಬ ಊರಾಗ ಇರಲಿಲ್ಲ. ನಮ್ಮವ್ವ ಒಂದು ದಿನ ಕಾದ್ಲು."

ಕಟ್ಟೆಯ ಮಂದಿ ಎದ್ದು ಹತ್ತಿರ ಬಂದರು.

"ಎರಡನೇ ದಿನಾನೂ ಸಾಹೇಬ ಬರಲಿಲ್ಲ. ಕೂಸು ಮನ್ಯಾಗ ಇಟ್ಟುಕೊಂಡು ಎಷ್ಟಂತ ಕೂಡ್ತಿ? ತಂತಿ ಎತ್ತಿ, ಕೆಳಗ ನುಸುಳಿ ಹೋದ್ಲು. ಹೊಳಿ ದಂಡಿಗೆ ಕೈಲೆ ಮಣ್ಣು ತೋಡಿದ್ಲು. ಆಕಿ ಬರೂದ್ರಾಗ ಸಂಜಿ ಹಾಜರಿ ಮುಗಿದಿತ್ತು."

"ಆಮ್ಯಾಲ?"

"ಆಮ್ಯಾಲೇನು? ಎರಡು ತಿಂಗಳು ಜೇಲು. ಕಾಗದದಾಗ ತಡಾ ಅಂತ ಬರದ್ರು. ಯಾಕ ತಡಾ ಅಂತ ಬರಿಯಾಕ ಅದರಾಗ ಜಾಗಾ ಇರಲಿಲ್ಲಂತ."

ನನ್ನ ಬಾಯಿಪಾಠದಲ್ಲಿ ಇದು ಇರಲಿಲ್ಲ.

"ನಾನೊಬ್ಬಾಕಿನ ದಿನಾ ಮೂರು ಹೊತ್ತು ಹೋಗಿ ಕುಕ್ಕರಸ್ತಿದ್ದೆ. ಎಂಟು ವರ್ಷದಾಕಿ. ನಮ್ಮವ್ವನ ನಂಬರು ಕೂಗಿದಾಗ ಯಾರೂ ಹಾಜರ್ ಅಂತಿರಲಿಲ್ಲ. ಮುಂದಿನ ನಂಬರು ನಂದು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನ ಕಾಲು ನೋಡಿದಳು. ಅವು ನಡುಗುತ್ತಿದ್ದವು.

"ಏಳಪಾ. ಸಂಜಿಗೆ ಬರಬ್ಯಾಡ. ನಾಳೆನೂ ಬರಬ್ಯಾಡ. ಯಾರೂ ಹಿಂಗ ಕೂಡಬಾರದು. ನೀನೂ ಕೂಡಬಾರದು."

ನಾನು ಎದ್ದೆ. ಕಂಬ ಹಿಡಿದು ಎದ್ದೆ.

ಕದದ ಹಿಂದಿನಿಂದ ಕಸ್ತೂರಿಯ ದನಿ ಬಂತು.

"ಸರ, ಉತ್ತರ ಗೊತ್ತಾತೇನ್ರಿ?"

"ಗೊತ್ತಾತು, ತಂಗೀ. ನಾಳೆ ಸಾಲ್ಯಾಗ ಹೇಳ್ತೀನಿ."

"ಎಲ್ಲಾರ ಮುಂದ?"

"ಎಲ್ಲಾರ ಮುಂದ."

ಅವಳು ಬರುತ್ತೇನೆ ಅನ್ನಲಿಲ್ಲ.

ಸಕ್ಕೂಬಾಯಿ ಹೇಳಿದಳು: "ಹೇಳೂದಿದ್ರ ನಮ್ಮವ್ವನ ಹೆಸರು ಹಿಡಿದು ಹೇಳು. ತುಳಸಾಬಾಯಿ. ನಂಬರು ಬಿಟ್ಟು ಅಲ್ಲಿ ಯಾರೂ ಆಕಿ ಹೆಸರು ಕರೀಲಿಲ್ಲ."

ಆಶ್ರಮಕ್ಕೆ ಬಂದು ಅಜ್ಜಾರ ಮುಂದೆ ಕೂತೆ.

"ಅಜ್ಜಾರ, ನಂದು ತಪ್ಪಾತ್ರಿ."

"ತಪ್ಪು ಮಾತು ಯಾರ ಮುಂದ ಆಡಿದಿ?"

"ಮಕ್ಕಳ ಮುಂದ."

"ಮತ್ತ ನನ್ನ ಮುಂದ ಯಾಕ ಹೇಳ್ತಿ?"

ಮರುದಿನ ವರ್ಗದಲ್ಲಿ ನಿಂತೆ. ಹ್ಯಾಟಿಲ್ಲ, ಬೆತ್ತವಿಲ್ಲ. ಕಸ್ತೂರಿ ಬಂದಿರಲಿಲ್ಲ. ಸ್ವಲ್ಪ ಹೊತ್ತು ಕಾದೆ. ಬರದಿದ್ದರೂ ಹೇಳಲೇಬೇಕಿತ್ತು.

"ಮೊನ್ನೆ ಕಸ್ತೂರಿ ಒಂದು ಪ್ರಶ್ನೆ ಕೇಳಿದ್ಲು. ಅವರು ಏನು ತಪ್ಪು ಮಾಡಿದ್ರು ಅಂತ. ನಾನು ಕಳ್ಳರು ಅಂದೆ. ಅದು ಸುಳ್ಳು."

ಪರಸ್ಯಾ ಎದ್ದು ನಿಂತ. "ಸರ, ನೀವೂ ಸುಳ್ಳು ಹೇಳ್ತೀರಿ?"

"ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ಹೇಳಿದೆ. ಅದೂ ಸುಳ್ಳ."

"ಮತ್ತ ಖರೇನ ಏನು ಮಾಡಿದ್ರು?"

"ಏನೂ ಮಾಡಿದ್ದಿಲ್ಲ. ಆ ಮನ್ಯಾಗ ಹುಟ್ಟಿದ್ರು. ಅಷ್ಟ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹುಟ್ಟಿದ್ದಕ್ಕ ಜೇಲಾ?" ಅಂದ ಪರಸ್ಯಾ. ಅವನ ದನಿ ಸಣ್ಣಗಾಗಿತ್ತು.

ನಾನು ತುಳಸಾಬಾಯಿಯ ಕಥೆ ಹೇಳಿದೆ. ನಾಟಕವಿಲ್ಲ, ಹಾಡಿಲ್ಲ. ನನ್ನ ದನಿ ಎಷ್ಟು ದೊಡ್ಡದು ಅಂತ ಸೀಮೆಗೆಲ್ಲ ಗೊತ್ತು. ಅವತ್ತು ಹಿಂದಿನ ಸಾಲಿನವರು ಮುಂದೆ ಬಂದು ಕೇಳಬೇಕಾಯಿತು.

ಕಥೆಯಲ್ಲಿ ಕೂಸಿಗೆ ಮಣ್ಣು ಮಾಡುವ ಹೊತ್ತಿಗೆ ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು. ಯಾವಾಗ ಬಂದಳೋ.

ನಾನು ಮಾತು ನಿಲ್ಲಿಸಿದೆ.

"ಮುಂದ ಹೇಳ್ರಿ ಸರ" ಅಂದಳು.

ಹೇಳಿದೆ. ಕೊನೆಯ ತನಕ ಹೇಳಿದೆ. ಅವಳು ಅತ್ತಿತ್ತ ನೋಡಿ, ಒಂದು ಕಡೆ ಕೂತಳು. ಪರಸ್ಯಾ ತನ್ನ ಚೀಲದಿಂದ ಶೇಂಗಾ ತೆಗೆದು ಅವಳ ಮುಂದೆ ಇಟ್ಟು ಹೋದ. ಅವಳು ತಿನ್ನಲಿಲ್ಲ. ಬಿಸಾಡಲೂ ಇಲ್ಲ.

ಸಾಲಿ ಬಿಟ್ಟ ಮೇಲೆ ನಾನು ನದಿಗೆ ಓಡಿದೆ. ಅಜ್ಜಾರು ನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು.

"ಬಂದ್ಲು, ಅಜ್ಜಾರ! ಕಸ್ತೂರಿ ಬಂದ್ಲು! ನಾನು ಹೇಳಿರಲಿಲ್ಲೇನ್ರಿ, ಕರಕೊಂಡ ಬರ್ತೀನಿ ಅಂತ?"

"ಬಂದ್ಲಾ? ಚೊಲೊ ಆತು. ಎಲ್ಲಿ ಕೂತಿದ್ಲು?"

ನಾನು ನೆನಪು ಮಾಡಿಕೊಂಡೆ.

"ಬಾಗಿಲ ಬಾಜೂಕ, ಅಜ್ಜಾರ. ಚೀಲಾ ಹೆಗಲ ಮ್ಯಾಲಿಂದ ಇಳಿಸಿರಲಿಲ್ಲ."

ಅಜ್ಜಾರು ತಿರುಗಿ ನನ್ನ ಮುಖ ನೋಡಿದರು.

"ಅದಕ್ಕೇನ್ರಿ? ನಾಳೆ ಕೈ ಹಿಡಿದು ಒಳಗ ಕರದು, ಮುಂದಿನ ಸಾಲಿನಾಗ ನಾನ ಕೂಡಸ್ತೀನಿ."

ಅಜ್ಜಾರು ನೀರಿನಿಂದ ಕಾಲು ತೆಗೆದು ಎದ್ದರು.

"ನೀನು ಕೂಡಸಬ್ಯಾಡ, ಕಲ್ಮೇಶಿ. ಬಾಗಿಲಾ ತೆರದಿಡು."